ಎಂಟನೇ ನಂಬರಿನ ತೋಡಿ

ನಮ್ಮ ಉಮಾಶಂಕರ್ ಅವರ ಮೇಲೆ ನಮ್ಮೂರಿನವರು ಹೊರಿಸಿದ ಆರೋಪ ಏನೆಂದರೆ, ಅವರು ಐದು ದಿನ ರಜೆ ಹಾಕಿ, ಸದ್ದಿಲ್ಲದೆ ಬಂದು, ಎಂಟನೇ ನಂಬರಿನ ಜಮೀನನ್ನು ಹೆಂಡತಿಯ ಹೆಸರಿಗೆ ಮಾಡಿಕೊಳ್ಳಲು ನೋಡಿದರು ಎಂದು. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಹೇಳಬಲ್ಲವನು ನಾನೊಬ್ಬನೇ. ಅವರನ್ನು ಊರಿಗೆ ಕಳುಹಿಸಿದ ಪುಣ್ಯಾತ್ಮ ನಾನೇ.

ನನ್ನ ಹೆಸರು ಕಾಂತರಾಜು. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಇನ್‌ವರ್ಡ್ ಗುಮಾಸ್ತ. ಹೊರಗಿನಿಂದ ಬರುವ ಕಾಗದಕ್ಕೆ ನಾನು ನಂಬರು ಹಾಕುತ್ತೇನೆ. ಹೊರಗೆ ಹೋಗುವ ಕಾಗದಕ್ಕೆ ಪಕ್ಕದ ಮೇಜಿನ ಡಿಸ್ಪ್ಯಾಚ್ ಗುಮಾಸ್ತ ಉಮಾಶಂಕರ್ ನಂಬರು ಹಾಕುತ್ತಾರೆ. ಮೂವತ್ತೊಂದು ವರ್ಷದಿಂದ ಹಾಕುತ್ತಿದ್ದಾರೆ. ನಂಬರಿಲ್ಲದ ಕಾಗದ ಕಂಡರೆ ಅವರಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮದುವೆಯ ಲಗ್ನಪತ್ರಿಕೆ ಕೊಟ್ಟರೂ ಮೊದಲು ಹಿಂದೆ ಮುಂದೆ ತಿರುಗಿಸಿ ನಂಬರು ಎಲ್ಲಿದೆ ಎಂದು ಹುಡುಕುತ್ತಾರೆ, ಆಮೇಲೆ ಹುಡುಗ ಯಾರು ಎಂದು ಕೇಳುತ್ತಾರೆ.

ಅವರ ಹೆಂಡತಿ ಪ್ರಮೋದಾ ಹಾಡುತ್ತಿದ್ದರು. ಸಭೆಯಲ್ಲಲ್ಲ, ಅಡುಗೆಮನೆಯಲ್ಲಿ. ಮದುವೆಗೆ ಮುಂಚೆ ಕೆಲವು ವರ್ಷ ಪಾಠ ಆಗಿತ್ತಂತೆ. ಸಂಜೆ ಗಂಡ ಮನೆಗೆ ಬಂದ ಕೂಡಲೇ ಏನಾದರೊಂದು ಗುನುಗಿ, "ಇದು ಯಾವ ರಾಗ ಹೇಳಿ ನೋಡೋಣ" ಎನ್ನುವುದು ಅವರ ಅಭ್ಯಾಸ. ಉಮಾಶಂಕರ್‌ಗೆ ಗೊತ್ತಿದ್ದದ್ದು ಒಂದೇ ರಾಗದ ಹೆಸರು. ಶೂ ಬಿಚ್ಚುತ್ತಾ, ತಲೆ ಎತ್ತದೆ, "ತೋಡಿ" ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಒಂದು ದಿನವಾದರೂ ಅದು ತೋಡಿಯೇ ಆಗಿತ್ತೋ ಇಲ್ಲವೋ, ಇವರು ಕೇಳಲಿಲ್ಲ, ಅವರು ಹೇಳಲಿಲ್ಲ.

ಎರಡು ವರ್ಷದ ಹಿಂದೆ ಪ್ರಮೋದಾ ತೀರಿಕೊಂಡರು. ಮಕ್ಕಳಿರಲಿಲ್ಲ. ಈ ಸಂಕ್ರಾಂತಿಗೆ ಮುಂಚೆ ಅಲ್ಮಾರು ಒರೆಸುವಾಗ ಅವರ ಹಳೆಯ ಮೊಬೈಲ್ ಸಿಕ್ಕಿತು. ಚಾರ್ಜಿಗೆ ಹಾಕಿ ನೋಡಿದರೆ ಒಳಗೆ ನಲವತ್ತೊಂದು ಹಾಡು. ಗಂಡ ಆಫೀಸಿನಲ್ಲಿದ್ದ ಹೊತ್ತಿನಲ್ಲಿ ಒಬ್ಬರೇ ಕೂತು ಹಾಡಿ ರೆಕಾರ್ಡ್ ಮಾಡಿಕೊಂಡದ್ದು. ಒಂದಕ್ಕೂ ಹೆಸರಿಲ್ಲ, ಬರೀ ತಾರೀಕು.

ಡಿಸ್ಪ್ಯಾಚ್ ಗುಮಾಸ್ತರ ಎದೆ ಒಡೆಯಲು ಇನ್ನೇನು ಬೇಕು? ನಲವತ್ತೊಂದನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಬೇಕು, ಯಾವುದು ಯಾವ ರಾಗ ಎಂದು ಕಂಡುಹಿಡಿಯಬೇಕು, ಎಲ್ಲಕ್ಕೂ ಹೆಸರು ಬರೆಯಬೇಕು ಎಂದು ಉಮಾಶಂಕರ್ ನಿಶ್ಚಯಿಸಿದರು. ಫುಟ್‌ಪಾತಿನಿಂದ ರಾಗಗಳ ಲಕ್ಷಣ ತಿಳಿಸುವ ಆರುನೂರು ಪುಟದ ಹಳೆಯ ಪುಸ್ತಕ ಕೊಂಡರು. ಆದರೆ ಅವರ ಮನೆಯ ಮೇಲಿನ ಮಹಡಿಯಲ್ಲಿ ಟೈಲ್ಸ್ ಕಿತ್ತು ಹಾಕುತ್ತಿದ್ದರು. ಡ್ರಿಲ್ಲಿಂಗ್ ಯಂತ್ರದ ಶ್ರುತಿಗೆ ಯಾವ ರಾಗವೂ ಹೊಂದಲಿಲ್ಲ. ಹದಿನೈದು ದಿನದಲ್ಲಿ ಒಂದು ಹಾಡೂ ಪೂರ್ತಿಯಾಗಲಿಲ್ಲ.

"ಕಾಂತರಾಜು, ಒಂದು ನೊಣ ಹಾರಿದರೂ ಕೇಳಿಸಬೇಕು, ಅಂಥ ಜಾಗ ಎಲ್ಲಾದರೂ ಇದೆಯೇನಪ್ಪಾ?" ಎಂದು ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಾ ಕೇಳಿದರು.

ನಾನು ನಮ್ಮೂರಿನ ತೋಟದ ಮನೆ ಇದೆ ಎಂದೆ. ಸಮೇತನಹಳ್ಳಿಯಿಂದ ಒಳಕ್ಕೆ ಮೂರು ಕಿಲೋಮೀಟರು. ಒಂದು ರೂಮು, ಒಂದು ಜಗಲಿ, ಬೋರ್‌ವೆಲ್, ಸುತ್ತ ಅವರೆ ಹೊಲ. ಆಮೇಲೆ ಊರಿನಲ್ಲಿರುವ ನಮ್ಮ ಚಿಕ್ಕಪ್ಪ ಆವಲಪ್ಪನಿಗೆ ಫೋನ್ ಮಾಡಿ, "ಚಿಕ್ಕಪ್ಪಾ, ನಮ್ ಆಫೀಸಿನವರೊಬ್ರು ಬರ್ತಾರೆ. ಊಟ ಒಂದು ನೋಡ್ಕೊಳಿ. ಯಾಕ್ ಬಂದ್ರಿ, ಏನ್ ಮಾಡ್ತೀರಿ ಅಂತ ಯಾರೂ ಕೇಳ್ಬಾರ್ದು" ಎಂದೆ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ, ಕೆದಕಬಾರದು ಎನ್ನುವುದು ನನ್ನ ಮನಸ್ಸಿನಲ್ಲಿತ್ತು. ಅದು ಬಾಯಿಗೆ ಬರಲಿಲ್ಲ. ಸರ್ಕಾರದಿಂದ ಒಬ್ಬರು ಬರುತ್ತಾರೆ, ಯಾಕೆ ಎಂದು ಕೇಳಬಾರದು. ನಮ್ಮೂರಿಗೆ ಇಷ್ಟು ಸಾಕಾಗಿತ್ತು.

ಇಲ್ಲೊಂದು ವಿಷಯ ಹೇಳಿಬಿಡಬೇಕು. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಜಮೀನು ಒಟ್ಟಿಗೆ ಸೇರಿಕೊಂಡಿರುತ್ತದೆ. ಅದನ್ನು ಅಳೆದು, ಗಡಿಗೆ ಬಾಂದುಕಲ್ಲು ನೆಟ್ಟು, ಪಾಲು ಪಾಲಿಗೂ ಬೇರೆ ನಂಬರು ಕೊಡುವುದಕ್ಕೆ ಪೋಡಿ ಎನ್ನುತ್ತಾರೆ. ನಮ್ಮೂರಿನಲ್ಲಿ ಮಳೆ, ಬೆಳೆ, ಮದುವೆ ಎಲ್ಲದರ ಮಾತೂ ಕೊನೆಗೆ ಬಂದು ನಿಲ್ಲುವುದು ಪೋಡಿಯಲ್ಲಿ. ಹೊಲ ಇರುವವರೆಲ್ಲ ಪೋಡಿಯವರು ಯಾವಾಗ ಬರುತ್ತಾರೋ ಎಂದು ದಾರಿ ನೋಡುತ್ತಿದ್ದರು.

ಸೋಮವಾರ ಬೆಳಗ್ಗೆ ಉಮಾಶಂಕರ್ ಹೊಸಕೋಟೆಯಲ್ಲಿ ಬಸ್ಸು ಬದಲಾಯಿಸಿ, ಆಟೋ ಹಿಡಿದು ತೋಟದ ಮನೆ ತಲುಪಿದರು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಆ ಪುಸ್ತಕ, ಮೊಬೈಲು, ಆಫೀಸಿನ ರಿಜಿಸ್ಟರಿನ ಹಾಗೆಯೇ ಗೆರೆ ಎಳೆದುಕೊಂಡ ಒಂದು ನೋಟ್‌ಬುಕ್ಕು: ಕ್ರಮಸಂಖ್ಯೆ, ತಾರೀಕು, ವಿವರ, ಷರಾ. ಕಿವಿಗೆ ದಪ್ಪ ಇಡ್ಲಿಯಂಥ ಎರಡು ಮುಚ್ಚಳದ ಹೆಡ್‌ಫೋನು. ಹೊಂಗೆ ಮರದ ನೆರಳಿಗೆ ಕುರ್ಚಿ ಎಳೆದುಕೊಂಡರು. ಕಾಫಿ ಲೋಟ ಇಡಲು ಅಲ್ಲೇ ಒಂದು ಕಲ್ಲು ಅನುಕೂಲವಾಗಿ ಸಿಕ್ಕಿತು. ಅದು ಬಾಂದುಕಲ್ಲು ಎಂದು ಅವರಿಗೆ ಹೇಗೆ ತಿಳಿಯಬೇಕು? ನಾಲ್ಕು ಹೊಲದಾಚೆ ಕಳೆ ಕೀಳುತ್ತಿದ್ದವರಿಗೆ ಮಾತ್ರ ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಅವರು ಅಲ್ಲಲ್ಲಿ ಕೇಳಿಕೊಂಡು ಎಂಟನೇ ಹಾಡಿಗೆ ಬಂದಿದ್ದರು. ಪುಸ್ತಕದಲ್ಲಿ ಎಪ್ಪತ್ತೆರಡು ಮೂಲ ರಾಗಗಳ ಪಟ್ಟಿ ಇತ್ತು. ಅದರಲ್ಲಿ ಎಂಟನೆಯದು ತೋಡಿ. ಮೊಬೈಲಿನಲ್ಲಿ ಎಂಟನೆಯ ಹಾಡು ಕೂಡ ತೋಡಿಯ ಹಾಗೇ ಕೇಳಿಸಿತು. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯಾದರೂ ತನ್ನ ಉತ್ತರ ಸರಿಯಾಗಿರಬಹುದು ಎಂದು ಅವರಿಗೆ ಆಸೆ ಹುಟ್ಟಿತು. ಪೂರ್ತಿ ಕೇಳಿ ಖಾತ್ರಿ ಮಾಡಿಕೊಳ್ಳೋಣ ಎಂದು ಕಣ್ಣು ಮುಚ್ಚಿದರು. ಅದೇ ಹೊತ್ತಿಗೆ ಚಿಕ್ಕಪ್ಪ ಊಟದ ಕ್ಯಾರಿಯರ್ ಹಿಡಿದು ಬಂದ.

"ಏನ್ ಸಾ, ಕೆಲ್ಸ ನಡೀತೈತಾ?"

ಉಮಾಶಂಕರ್ ಕಿವಿಯ ಮೇಲಿದ್ದ ಒಂದು ಇಡ್ಲಿ ಎತ್ತಿದರು. ಸಂತೋಷ ತಡೆಯಲಾಗದೆ, "ತೋಡಿ, ಆವಲಪ್ಪನವರೇ! ಎಂಟನೇದು ತೋಡಿ!" ಎಂದರು.

ಚಿಕ್ಕಪ್ಪನಿಗೆ ಎಡಗಿವಿ ಮಂದ. ಬಲಗಿವಿಯಲ್ಲಿ ಇಪ್ಪತ್ತು ವರ್ಷದಿಂದ ತುಂಬಿಕೊಂಡಿರುವುದು ಒಂದೇ ಮಾತು.

"ಎಂಟ್ನೇದಾ ಸಾ? ಪೋಡಿನಾ?"

"ಹೂಂ. ಇವತ್ತೇ ಗೊತ್ತಾಗಿದ್ದು. ಇನ್ನೂ ಮೂವತ್ಮೂರು ಬಾಕಿ ಇದೆ. ಎಲ್ಲಾ ಮುಗಿಸಿಕೊಂಡೇ ಹೋಗೋದು."

ಚಿಕ್ಕಪ್ಪ ಕ್ಯಾರಿಯರ್ ಇಟ್ಟವನು ನೀರು ಕೂಡ ಕೊಡದೆ ಊರ ಕಡೆ ಹೊರಟ. ಅರವತ್ತೆಂಟು ವರ್ಷದ ಆಸಾಮಿ, ಮೊಣಕಾಲು ನೋವು ಬೇರೆ. ಆ ದಿನ ಅವನು ಓಡಿದ್ದನ್ನು ಕಂಡವರಿದ್ದಾರೆ.

ಸಂಜೆ ಐದಕ್ಕೆ ಎಂಟು ಜನ ಎಳನೀರಿನೊಂದಿಗೆ ಬಂದರು. ಮುಂದೆ ಪಂಚಾಯ್ತಿ ಮಾಜಿ ಮೆಂಬರ್ ಪಿಳ್ಳಣ್ಣ, ಹಿಂದೆ ಮುನಿರಾಮಯ್ಯ ಮತ್ತು ಅವನ ತಮ್ಮ. ಉಮಾಶಂಕರ್ ಎಂಟನೇ ಹಾಡಿನ ಮೂರನೇ ನಿಮಿಷದಲ್ಲಿದ್ದರು. ಹೆಡ್‌ಫೋನ್ ಕೊರಳಿಗೆ ಇಳಿಸಿಕೊಂಡರು.

"ಸಾ, ಎಂಟು ಒಂದೇನಾ? ಇಲ್ಲಾ ಎಲ್ಲಾ ನಂಬರೂ ನೋಡ್ತೀರಾ?" ಎಂದ ಪಿಳ್ಳಣ್ಣ, ಎಳನೀರು ಮುಂದೆ ಹಿಡಿದು.

ಹಳ್ಳಿಯವರಿಗೆ ಸಂಗೀತದಲ್ಲಿ ಇಷ್ಟು ಆಸಕ್ತಿಯೇ ಎಂದು ಉಮಾಶಂಕರ್ ಬೆರಗಾದರು. ಬೆಳಗ್ಗೆ ಓದಿದ ಪಾಠ ನಾಲಗೆಯ ತುದಿಯಲ್ಲೇ ಇತ್ತು. "ಒಟ್ಟು ಇರೋದು ಎಪ್ಪತ್ತೆರಡು. ಪ್ರಪಂಚದಲ್ಲಿ ಏನೇ ಇದ್ದರೂ ಅದರೊಳಗೇ ಅಡಗಿರುತ್ತೆ" ಎಂದರು.

"ನಮ್ಮೂರ್ದು ಎಪ್ಪತ್ತೆಲ್ಡೇ ಸಾ! ಕರೆಕ್ಟಾಗಿ ಯೋಳಿದ್ರಿ!"

"ಮೊದಲ ಮೂವತ್ತಾರು ಶುದ್ಧ."

ಮುನಿರಾಮಯ್ಯನದು ಇಪ್ಪತ್ತೆರಡನೇ ನಂಬರು. ಅವನು ಕೈ ಮುಗಿದ.

"ಆಮ್ಯಾಕಿಂದು ಸಾ?" ಪಿಳ್ಳಣ್ಣನ ದನಿ ಸ್ವಲ್ಪ ಇಳಿಯಿತು.

"ಮೂವತ್ತೇಳರಿಂದ ಎಪ್ಪತ್ತೆರಡು ಇದೆಯಲ್ಲ, ಅದು ಪ್ರತಿ."

"ಬರೀ ಪ್ರತೀನಾ? ಅಸಲು?"

"ಅಸಲು ಗಿಸಲು ಏನಿಲ್ಲ. ಶುದ್ಧ, ಪ್ರತಿ, ಎರಡೇ." ಅವರು ಹೇಳುತ್ತಿದ್ದದ್ದು ಮಧ್ಯಮ ಸ್ವರದ ಎರಡು ಬಗೆ.

"ನಂದು ಅರವತ್ತೊಂದು ಸಾ!"

ಅರವತ್ತೊಂದು ಇವನಿಗೆ ಇಷ್ಟದ ರಾಗವಿರಬೇಕು ಎಂದುಕೊಂಡು ಉಮಾಶಂಕರ್ ಆಸಕ್ತಿಯಿಂದ ಪುಸ್ತಕ ತಿರುವಿದರು. ದೇವರ ಚಿತ್ರವಿಲ್ಲದ ಅಷ್ಟು ದಪ್ಪ ಪುಸ್ತಕ ಸರ್ಕಾರದ್ದಲ್ಲದೆ ಇನ್ಯಾರದ್ದು ಎಂದು ಎಂಟು ಜನವೂ ಕತ್ತು ಚಾಚಿ ನಿಂತಿದ್ದರು. "ಅರವತ್ತೊಂದು... ಬಹಳ ಅಪರೂಪ. ಅದನ್ನ ಯಾರೂ ಮುಟ್ಟೋದೇ ಇಲ್ಲ" ಎಂದರು ಉಮಾಶಂಕರ್. ಪಿಳ್ಳಣ್ಣ ಆ ಎಳನೀರನ್ನು ತಾನೇ ಕುಡಿದ.

"ಇನ್ನೊಂದು ತಮಾಷೆ ಕೇಳಿ. ಮೂಲ ಒಂದು ಅಂತ ಇರುತ್ತೆ, ಅದಕ್ಕೆ ಹುಟ್ಟಿದ್ದು ಬೇಕಾದಷ್ಟು. ಕೆಲವು ಇರ್ತವೆ, ತಮ್ಮದು ಸಾಲದು ಅಂತ ಪಕ್ಕದವರದ್ದೂ ಒಂಚೂರು ಎಳೆದುಕೊಂಡಿರ್ತವೆ!"

ಮುನಿರಾಮಯ್ಯ ತನ್ನ ತಮ್ಮನ ಕಡೆ ನೋಡಿದ. ತಮ್ಮ ಬೋರ್‌ವೆಲ್ ಕಡೆ ನೋಡಿದ. ಅವರಿಬ್ಬರೂ ಮನೆಗೆ ಬೇರೆ ಬೇರೆ ದಾರಿಯಲ್ಲಿ ಹೋದರು.

ಮಂಗಳವಾರ ತೋಟದ ಮನೆ ಮುಂದೆ ಸಾಲು. ಪಹಣಿ ತಂದವರು, ಹರಿದ ನಕ್ಷೆಗೆ ಗಮ್ಟೇಪು ಅಂಟಿಸಿಕೊಂಡು ತಂದವರು, ಏನೂ ಇಲ್ಲದೆ ಬರೀ ಸೊಗಡಿನ ಅವರೆಕಾಯಿ ತಂದವರು. ಹೆಡ್‌ಫೋನ್ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯವಿತ್ತು. ಮೇಲೆ ಡ್ರೋನ್ ಹಾರುತ್ತದೆ, ಅದು ಹೇಳಿದ್ದು ಇದರಲ್ಲಿ ಕೇಳಿಸುತ್ತದೆ ಎಂದು ಒಂದು. ನೆಲದೊಳಗೆ ಯಾರಾದರೂ ಬಾಂದುಕಲ್ಲು ಹೂತು ಬಚ್ಚಿಟ್ಟಿದ್ದರೆ ಅದು ಕುಂಯ್ ಎನ್ನುತ್ತದೆ ಎಂದು ಇನ್ನೊಂದು. ಆ ಮಧ್ಯಾಹ್ನ ಇಬ್ಬರು ಮೂವರು ತಮ್ಮ ಹೊಲಕ್ಕೆ ಹೋಗಿ, ಕಲ್ಲುಗಳನ್ನು ಮೊದಲಿದ್ದ ಜಾಗಕ್ಕೆ ವಾಪಸು ಇಟ್ಟರಂತೆ.

ಉಮಾಶಂಕರ್ ಎಂಟನೇ ಹಾಡನ್ನು ಒಂಬತ್ತು ಸಲ ಶುರುಮಾಡಿದರು. ಒಂಬತ್ತು ಸಲವೂ ಮೂರನೇ ನಿಮಿಷಕ್ಕೆ "ಸಾ..." ಎಂದು ಯಾರೋ ಬಂದರು. ಸಂಜೆ ನನಗೆ ಫೋನ್ ಮಾಡಿದರು. "ಕಾಂತರಾಜು, ನಿಮ್ಮೂರಿನ ಜನ ಚಿನ್ನದಂಥೋರು ಕಣಯ್ಯಾ. ಒಂದು ಹಾಡೂ ಕೇಳೋಕೆ ಬಿಡಲಿಲ್ಲ." ದೂರಿನ ಮಾತು, ಆದರೆ ದನಿ ಹಾಗಿರಲಿಲ್ಲ. ಎರಡು ವರ್ಷದಿಂದ ಅವರ ಮನೆ ಬಾಗಿಲು ತಟ್ಟಿದವರೆಂದರೆ ಗ್ಯಾಸಿನವನು ಮತ್ತು ನಾನು. ನಾನೂ ತಿಂಗಳಿಗೊಮ್ಮೆ.

ಬುಧವಾರ ಬೆಳಗ್ಗೆ ಮುನಿತಾಯಮ್ಮ ಬಂದಳು.

ಎಂಟನೇ ಸರ್ವೆ ನಂಬರು ಆಕೆಯದು ಮತ್ತು ಆಕೆಯ ಬಾವ, ಅಂದರೆ ಗಂಡನ ಅಣ್ಣ, ದೊಡ್ಡಬೀರಪ್ಪನದು, ಒಟ್ಟಿಗೆ. ಮುನಿತಾಯಮ್ಮನ ಗಂಡ ಹೋಗಿ ಹನ್ನೊಂದು ವರ್ಷ. ಅವನನ್ನು ಅದೇ ಹೊಲದಲ್ಲಿ, ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿದ್ದರು. ಪೋಡಿಯಾದರೆ ಆ ಬೇವಿನ ಮರ ಯಾರ ಪಾಲಿಗೆ ಎಂದು ಬಾವನಿಗೂ ಆಕೆಗೂ ಮಾತು ಬೆಳೆದು, ಹನ್ನೊಂದು ವರ್ಷದಿಂದ ಪಕ್ಕಪಕ್ಕದ ಮನೆಯಲ್ಲಿದ್ದೂ ಮಾತಿಲ್ಲ. ಆಕೆಗೆ ಬೇಕಾದದ್ದು ಆ ಮರದ ಬುಡ, ಅಷ್ಟೇ. ಇದೆಲ್ಲ ಊರಿಗೆ ಗೊತ್ತು, ಉಮಾಶಂಕರ್‌ಗೆ ಗೊತ್ತಿಲ್ಲ.

ಆಕೆ ಕುರ್ಚಿಯಿಂದ ಆರಡಿ ದೂರ ನೆಲದ ಮೇಲೆ ಕೂತಳು. ಉಮಾಶಂಕರ್ ಹೆಡ್‌ಫೋನ್ ತೆಗೆದರು.

"ಸಾಮಿ, ಎಂಟ್ನೇದು ಮಾಡ್ತಾ ಇದೀರಂತಲ್ಲ."

"ಹೂಂ ಕಣಮ್ಮ. ಅದಕ್ಕೇ ಬಂದಿರೋದು."

"ಅದು ನಮ್ಮನೆಯೋರ್ದು ಸಾಮಿ."

ನಮ್ಮ ಕಡೆ ಹೆಂಡತಿ ಗಂಡನನ್ನು ಹೇಳುವುದೂ ನಮ್ಮನೆಯವರು ಎಂದೇ, ಗಂಡ ಹೆಂಡತಿಯನ್ನು ಹೇಳುವುದೂ ಹಾಗೆಯೇ. ಭಾಷೆಯ ಈ ಉಳಿತಾಯದಿಂದ ಇಂಥ ಅನಾಹುತವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

"ಇಲ್ಲಮ್ಮ. ಎಂಟನೇದು ನಮ್ಮನೆಯವರದು" ಎಂದರು ಉಮಾಶಂಕರ್ ಮೃದುವಾಗಿ.

ಮುನಿತಾಯಮ್ಮ ಬೆಚ್ಚಿದಳು. "ನಿಮ್ ಮನೆಯೋರ್ದಾ? ಅದೆಂಗ್ ಸಾಮಿ?"

"ರೆಕಾರ್ಡ್ ನನ್ನ ಹತ್ತಿರ ಇದೆಯಲ್ಲಮ್ಮ. ಎಲ್ಲಾ ನಲವತ್ತೊಂದೂ ಅವರದೇ. ನಾನಿಲ್ಲದಾಗ ಒಬ್ಬರೇ ಮಾಡಿಕೊಂಡಿದ್ದಾರೆ. ನನಗೂ ಈಚೆಗೇ ಗೊತ್ತಾಗಿದ್ದು."

ನಲವತ್ತೊಂದು ಸರ್ವೆ ನಂಬರು! ಒಬ್ಬಳೇ ಹೆಂಗಸು! ಗಂಡನಿಗೂ ಗೊತ್ತಿಲ್ಲದೆ! ಮುನಿತಾಯಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರೆ ಸಾಲುಗಳ ನಡುವೆ ನೇರ ಊರಿಗೆ ಓಡಿದಳು. ಹನ್ನೊಂದು ವರ್ಷ ತುಳಿಯದಿದ್ದ ಬಾವನ ಹೊಸಿಲು ದಾಟಿ, "ಬಾವಾ, ಎಂಟು ಹೋಯ್ತು! ಆವಯ್ಯ ಎಂಡ್ರು ಎಸ್ರಿಗೆ ಮಾಡ್ಕಂಬುಟ್ಟವ್ನೆ!" ಎಂದು ಕೂಗಿಕೊಂಡಳು. ಎರಡು ಪಂಚಾಯ್ತಿ, ಒಬ್ಬ ವಕೀಲ ಸೇರಿ ಮಾಡಿಸಲಾಗದ ರಾಜಿಯನ್ನು ನಮ್ಮ ಡಿಸ್ಪ್ಯಾಚ್ ಗುಮಾಸ್ತರು ಕುರ್ಚಿಯಿಂದ ಏಳದೆ ಮಾಡಿಸಿದ್ದರು.

ಹನ್ನೊಂದು ಗಂಟೆಗೆ ಇಡೀ ಊರು ತೋಟದ ಮನೆಯ ಮುಂದೆ. ದೊಡ್ಡಬೀರಪ್ಪನ ಕೈಯಲ್ಲಿ ದೊಣ್ಣೆ. ಪಿಳ್ಳಣ್ಣ ಫೋನ್ ಮಾಡಿ ಗ್ರಾಮ ಆಡಳಿತಾಧಿಕಾರಿ ಅಕ್ಷತ ಅವರನ್ನೂ ಕರೆಸಿದ್ದ. ಇಪ್ಪತ್ತೇಳು ವರ್ಷದ ಹುಡುಗಿ, ಊರವರ ಬಾಯಲ್ಲಿ ಶಾನುಭೋಗರಮ್ಮ. ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದು, "ಸರ್, ನೀವು ಯಾವ ಡಿಪಾರ್ಟ್‌ಮೆಂಟು? ಆರ್ಡರ್ ಕಾಪಿ ಇದೆಯಾ?" ಎಂದು ಕೇಳಿದರು.

"ಡಿಸ್ಪ್ಯಾಚು" ಎಂದರು ಉಮಾಶಂಕರ್. ಇಷ್ಟು ಜನ ತನ್ನನ್ನು ನೋಡಲು ಯಾಕೆ ದೊಣ್ಣೆ ಹಿಡಿದು ಬಂದಿದ್ದಾರೆ ಎಂದು ಅವರಿಗೆ ಅರ್ಥವಾಗಿರಲಿಲ್ಲ.

"ಬುಕ್ಕು! ಬುಕ್ನಾಗೆ ಎಲ್ಲಾ ಬರ್ಕಂಡವ್ರೆ. ಓದಿ ಮೇಡಮ್ಮೋರೆ!" ಎಂದು ಚಿಕ್ಕಪ್ಪ ನೋಟ್‌ಬುಕ್ ಎತ್ತಿಕೊಟ್ಟ.

ಅಕ್ಷತ ಗಟ್ಟಿಯಾಗಿ ಓದಿದರು. "ಕ್ರಮಸಂಖ್ಯೆ ಒಂದು. ವಿವರ, ಪೋಡಿ, ಪ್ರಶ್ನಾರ್ಥಕ ಚಿಹ್ನೆ. ಷರಾ, ಹಿಂದೆ ಕುಕ್ಕರ್ ಮೂರು ಸಲ ಕೂಗಿದೆ. ಮೂರನೆಯದಕ್ಕೆ ನಿಲ್ಲಿಸಿ ಎದ್ದು ಹೋಗಿದ್ದಾಳೆ."

"ಯಾರ್ ವಲ್ದಾಗೆ ಕುಕ್ಕರ್ರು?" ಎಂದ ಪಿಳ್ಳಣ್ಣ.

"ಮೂರು. ಪೋಡಿ ಅಲ್ಲ ಅನಿಸುತ್ತದೆ. ಷರಾ, ಮಧ್ಯದಲ್ಲಿ ಹೂವಿನವಳು ಬಂದಿದ್ದಾಳೆ. ಎರಡು ಮೊಳ ತೆಗೆದುಕೊಂಡಿದ್ದಾಳೆ."

"ಎಲ್ಡು ಮೊಳ ಯಾರ್ ಕಡೆಯಿಂದ ತಗಂಡ್ಲು? ಅದ್ನ ಕೇಳಿ ಮದ್ಲು!" ಎಂದು ಮುನಿರಾಮಯ್ಯ ಮುಂದೆ ಬಂದ.

"ಐದು. ಷರಾ, ಕೆಮ್ಮು." ಅಕ್ಷತ ಹಾಳೆ ತಿರುವಿದರು. "ಆರು. ಷರಾ, ಕೆಮ್ಮು ಜಾಸ್ತಿ. ಆಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನಾನು ಆಫೀಸಿನಲ್ಲಿದ್ದೆ."

ಅಕ್ಷತ ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, "ಸರ್, ಈ ಅಕ್ಷರ ಪ-ನೋ ತ-ನೋ?" ಎಂದರು.

"ತ" ಎಂದರು ಉಮಾಶಂಕರ್. "ತೋಡಿ. ರಾಗದ ಹೆಸರು. ನಮ್ಮನೆಯವರು ಹಾಡಿರೋದಮ್ಮ. ಯಾವ ರಾಗ ಅಂತ ಬರೆದಿಡೋಣ ಅಂತ ಬಂದೆ."

"ಆಡಾ? ಸುಳ್ಳು!" ದೊಡ್ಡಬೀರಪ್ಪನಿಗೆ ಓದಿದ್ದು ಒಂದೂ ತಲೆಗೆ ಹೋಗಿರಲಿಲ್ಲ. "ಅದೇನ್ ಕೇಳ್ತಾ ಇದ್ದೀರೋ ನಮ್ಗೂ ಕೇಳ್ಸಿ!" ಎಂದು ಹೆಡ್‌ಫೋನಿನ ವೈರನ್ನು ಹಿಡಿದು ಎಳೆದ. ವೈರು ಕಿತ್ತುಬಂತು.

ಉಮಾಶಂಕರ್ ಮೊಬೈಲು ಒತ್ತಿದರು. ಎಂಟನೇ ಹಾಡು ಮೊದಲಿನಿಂದ, ಎಲ್ಲರಿಗೂ ಕೇಳುವಂತೆ ಹೊರಗೆ ಬಂತು. ದೊಡ್ಡ ಕಂಠವಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಗುವನ್ನು ಮಲಗಿಸಿ ಬಂದಂಥ ದನಿ. ದೊಡ್ಡಬೀರಪ್ಪ ವೈರು ಹಿಡಿದುಕೊಂಡೇ ನಿಂತ. ಮೂರನೇ ನಿಮಿಷ ಬಂತು, ದಾಟಿತು. ಅಡ್ಡಿ ಮಾಡುವವರೆಲ್ಲ ಅಲ್ಲೇ ನಿಂತಿದ್ದರಿಂದ ಅಡ್ಡಿ ಮಾಡಲು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹನ್ನೊಂದು ನಿಮಿಷ. ಉಮಾಶಂಕರ್ ಮೊದಲ ಸಲ ಕೊನೆಯವರೆಗೆ ಕೇಳಿದರು.

ಹಾಡು ಮುಗಿಯಿತು, ರೆಕಾರ್ಡು ಮುಗಿಯಲಿಲ್ಲ. ಪ್ರಮೋದಾ ಒಮ್ಮೆ ಕೆಮ್ಮಿ, ತಮ್ಮಷ್ಟಕ್ಕೇ ಹೇಳಿಕೊಂಡರು: "ಇವತ್ತು ಪರವಾಗಿಲ್ಲ. ಸಾಯಂಕಾಲ ಇವರಿಗೆ ಕೇಳಿಸಿದರೆ, ಇದಕ್ಕೂ ತೋಡಿ ಅಂತಾರೆ ನೋಡು." ಒಂದು ಸಣ್ಣ ನಗು. ಆಮೇಲೆ ಏನಿಲ್ಲ.

"ಅಮ್ಮಾವ್ರೂ ಪೋಡಿ ಅಂತ್ಲೇ ಅಂದ್ರಲ್ಲ" ಎಂದ ಚಿಕ್ಕಪ್ಪ. ಪಕ್ಕದಲ್ಲಿದ್ದವರು ತಿವಿದರು.

"ಅವ್ರೆಲ್ಲವ್ರೆ ಸಾಮಿ ಈಗ?" ಎಂದು ಮುನಿತಾಯಮ್ಮ ಕೇಳಿದಳು.

"ಇಲ್ಲಮ್ಮ. ಎರಡು ವರ್ಷ ಆಯ್ತು."

ಜನ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ದೊಡ್ಡಬೀರಪ್ಪ ವೈರನ್ನು ಜೋಪಾನವಾಗಿ ಸುತ್ತಿ ಕುರ್ಚಿಯ ಮೇಲೆ ಇಟ್ಟ. ತನ್ನ ದೊಣ್ಣೆಯನ್ನು ಎಲ್ಲಿ ಇಡುವುದು ಎಂದು ತಿಳಿಯದೆ ಬಗಲಿಗೆ ಸಿಕ್ಕಿಸಿಕೊಂಡು ಹೋದ.

ಗುರುವಾರ ಉಮಾಶಂಕರ್‌ಗೆ ಬೇಕಾಗಿದ್ದ ನಿಶ್ಶಬ್ದ ಪೂರ್ತಿಯಾಗಿ ಸಿಕ್ಕಿತು. ನೊಣ ಹಾರಿದ್ದೂ ಕೇಳಿಸಿತು. ಚಿಕ್ಕಪ್ಪ ನಾಚಿಕೆಯಿಂದ ಕ್ಯಾರಿಯರನ್ನು ಜಗಲಿಯ ಮೇಲಿಟ್ಟು ಮಾತಾಡಿಸದೆ ಹೋದ. ಹೊಲದಲ್ಲಿದ್ದವರು ತೋಟದ ಮನೆಗೆ ಬೆನ್ನು ಹಾಕಿಕೊಂಡು ಕಳೆ ಕಿತ್ತರು. ಉಮಾಶಂಕರ್ ಒಂಬತ್ತನೇ ಹಾಡು ಹಾಕಿ ಮೂರನೇ ನಿಮಿಷಕ್ಕೆ ತಾವೇ ನಿಲ್ಲಿಸಿ ದಾರಿ ನೋಡಿದರು. ಯಾರೂ ಬರಲಿಲ್ಲ. ಮತ್ತೆ ಹಾಕಿದರು, ಮತ್ತೆ ನೋಡಿದರು. ಬಸ್ಸಾರು ಮುದ್ದೆ ಆರಿಹೋಯಿತು. ಆ ದಿನದಷ್ಟು ಉದ್ದದ ದಿನವನ್ನು ಹೆಂಡತಿ ಹೋದ ಮೇಲೆ ಕಂಡಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು.

ನಾಲ್ಕು ಗಂಟೆಗೆ ಮುನಿತಾಯಮ್ಮ ಬಂದಳು. ಅದೇ ಜಾಗದಲ್ಲಿ ಕೂತಳು.

"ಎಂಟ್ನೇದು ಇನ್ನೊಂದ್ಸಲ ಆಕಿ ಸಾಮಿ."

ಉಮಾಶಂಕರ್ ಹೆಡ್‌ಫೋನ್ ಚುಚ್ಚಲಿಲ್ಲ. ಇಬ್ಬರೂ ಕೇಳಿದರು. ಮುಗಿದ ಮೇಲೆ ಆಕೆ ಮಡಿಲಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮುಂದಿಟ್ಟಳು. ಪೋಡಿಗೆಂದು ಹನ್ನೊಂದು ವರ್ಷದಲ್ಲಿ ಮೂರು ಸಲ ಬರೆಸಿದ ಅರ್ಜಿ. ಬಾವನ ಸಹಿ ಇಲ್ಲವೆಂದು ಒಂದನ್ನೂ ಕೊಟ್ಟಿರಲಿಲ್ಲ. ಉಮಾಶಂಕರ್ ಓದಿದರು. ಅವರ ಮುಖಕ್ಕೆ ಆಫೀಸಿನ ಕಳೆ ಬಂತು. ಸಂಗೀತ ಅವರಿಗೆ ಗೊತ್ತಿಲ್ಲ, ಕಾಗದ ಗೊತ್ತು.

"ಇಷ್ಟು ದಿನ ಮನೇಲಿಟ್ಟುಕೊಂಡರೆ ಹೇಗಮ್ಮ? ಹೋಗದೆ ಇದ್ದ ಕಾಗದ ಎಲ್ಲಿಗೂ ತಲುಪೋದಿಲ್ಲ" ಎಂದು ಗದರಿ, ಹೊಸ ಅರ್ಜಿ ಬರೆಯಲು ಕೂತರು. ಬೇವಿನ ಮರದ ಬುಡದ ಸಮಾಧಿ ಅರ್ಜಿದಾರಳ ಪಾಲಿಗೆ ಬರತಕ್ಕದ್ದು ಎಂದು ಒಂದು ಸಾಲು ಸೇರಿಸಿದರು. ಕೆಳಗೆ ಎರಡು ಸಹಿಗೆ ಜಾಗ ಬಿಟ್ಟರು. ಆಗ ಬೋರ್‌ವೆಲ್ ಹಿಂದಿನಿಂದ ದೊಡ್ಡಬೀರಪ್ಪ ಕೆಮ್ಮುತ್ತಾ ಬಂದ. ಹಾಡು ಶುರುವಾದಾಗಿನಿಂದ ಅವನು ಅಲ್ಲೇ ಇದ್ದಿರಬೇಕು.

"ಎಲ್ಲಿ ಆಕ್ಬೇಕು ಸಾ ಸೈನು?"

ಉಮಾಶಂಕರ್ ಬೆರಳಿಟ್ಟು ತೋರಿಸಿದರು. ಅವನು ತಮ್ಮನ ಹೆಂಡತಿಯ ಮುಖ ನೋಡದೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಕೊಟ್ಟ. ಮುನಿತಾಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮುಂದಿನ ವಾರ ಅಕ್ಷತ ನನಗೆ ಫೋನ್ ಮಾಡಿದರು. "ನಿಮ್ಮ ಸಾಹೇಬರು ಬರೆದುಕೊಟ್ಟ ಅರ್ಜಿ ಬಹಳ ಚೆನ್ನಾಗಿದೆ ಸರ್. ಒಂದೇ ತಪ್ಪು. 'ಸರ್ವೆ ನಂಬರ್ ಎಂಟನ್ನು ತೋಡಿ ಮಾಡಿಕೊಡಬೇಕಾಗಿ ಪ್ರಾರ್ಥನೆ' ಅಂತ ಇದೆ. ನಾನೇ ತಿದ್ದಿಸಿ ಕಳಿಸಿದ್ದೀನಿ. ಅವರಿಗೆ ಹೇಳ್ಬೇಡಿ."

ನಾನು ಹೇಳಲಿಲ್ಲ. ಆದರೆ ಅವರು ಟೀ ಕುಡಿಯಲು ಹೋದಾಗ ಮೇಜಿನ ಮೇಲಿದ್ದ ಆ ನೋಟ್‌ಬುಕ್ ತೆಗೆದು ನೋಡಿದೆ. ಎಂಟನೆಯ ಸಾಲಿನಲ್ಲಿ ತೋಡಿ ಎಂಬುದನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ದುಂಡಗೆ, ಪ ಯಾವುದು ತ ಯಾವುದು ಎಂದು ಯಾರಿಗೂ ಅನುಮಾನ ಬಾರದ ಹಾಗೆ, "ಪ್ರಮೋದಾ" ಎಂದು ಬರೆದಿತ್ತು. ಉಳಿದ ನಲವತ್ತರಲ್ಲೂ ಪ್ರಶ್ನಾರ್ಥಕ ಚಿಹ್ನೆ ಹೋಗಿ, ಆಫೀಸಿನ ಭಾಷೆಯಲ್ಲಿ "ಸದರಿ", ಅಂದರೆ ಅದೇ ಹೆಸರು, ಎಂದಿತ್ತು. ಅಂದಮೇಲೆ ನಮ್ಮೂರಿನವರ ಆರೋಪ ಸುಳ್ಳೆಂದು ನಾನು ಹೇಗೆ ಹೇಳಲಿ? ಎಂಟೊಂದೇ ಅಲ್ಲ, ನಲವತ್ತೊಂದನ್ನೂ ಅವರು ಹೆಂಡತಿಯ ಹೆಸರಿಗೇ ಮಾಡಿದ್ದರು.

ಹೋದ ಶನಿವಾರ ಸಂಜೆ ಅವರ ಜೊತೆಗೆ ಮನೆಯವರೆಗೆ ಹೋಗಿದ್ದೆ. ಬೀಗ ತೆಗೆದು, ದೀಪ ಹಾಕಿ, ಮೊಬೈಲಿನಲ್ಲಿ ಯಾವುದೋ ಒಂದು ಹಾಡು ಹಚ್ಚಿ ಸ್ಟೂಲಿನ ಮೇಲೆ ಕೂತರು. ನಾನು ಬಾಗಿಲಲ್ಲೇ ನಿಂತಿದ್ದೆ. ಹಾಡು ಮುಗಿಯುವವರೆಗೆ ಶೂ ಬಿಚ್ಚಲಿಲ್ಲ. ಮುಗಿದ ಮೇಲೆ ಬಗ್ಗಿ ಲೇಸು ಸಡಿಲಿಸುತ್ತಾ, ತಲೆ ಎತ್ತದೆ, "ತೋಡಿ" ಎಂದರು.